ಕೀ ಜೇಬಿನಲ್ಲೇ ಇದ್ದರೂ ಗಾಡಿ ಹೊರಡದಿದ್ದಾಗ

ಮಗ ಬೆಂಗಳೂರಿನ ರೈಲು ಹಿಡಿಯಬೇಕು. ಅಪ್ಪನನ್ನು ಹಿಂದೆ ಕೂರಿಸಿಕೊಂಡು ತಾನೇ ಸ್ಕೂಟರ್ ಓಡಿಸಿಕೊಂಡು ಅರಸೀಕೆರೆ ಜಂಕ್ಷನ್‌ಗೆ ಬರುತ್ತಾನೆ. ಸ್ಮಾರ್ಟ್ ಕೀ ಅವನ ಜೇಬಿನಲ್ಲಿದೆ. ನಿಲ್ದಾಣದ ಮುಂದೆ ಎಂಜಿನ್ ಆಫ್ ಮಾಡದೆ ಮಗ ಇಳಿಯುತ್ತಾನೆ, ಅಪ್ಪ ಮುಂದಕ್ಕೆ ಸರಿದು ಗಾಡಿ ತಿರುಗಿಸಿಕೊಂಡು ಹೊರಡುತ್ತಾರೆ. ಬಾಣಾವರದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಲು ಆಫ್ ಮಾಡಿದ್ದೇ ತಡ, ಗಾಡಿ ಮತ್ತೆ ಏಳುವುದಿಲ್ಲ. ಪೆಟ್ರೋಲ್ ಮುಚ್ಚಳವೂ ತೆರೆಯುವುದಿಲ್ಲ. ಅಷ್ಟು ಹೊತ್ತಿಗೆ ಕೀ ತಿಪಟೂರು ದಾಟಿರುತ್ತದೆ.

ಕೀಲಿ ತೂರಿಸದೆ ಚಾಲೂ ಆಗುವ ಗಾಡಿಗಳಲ್ಲಿ ಹೀಗಾಗುವುದು ಸಹಜ, ಮತ್ತು ಇಲ್ಲಿ ಕೆಟ್ಟುಹೋದ ಭಾಗ ಒಂದೂ ಇಲ್ಲ. ಇಂಥ ಗಾಡಿ ಕೀಯನ್ನು ವಿಚಾರಿಸುವುದು ಮುಖ್ಯವಾಗಿ ಇಗ್ನಿಷನ್ ಆನ್ ಮಾಡುವಾಗ. ಒಮ್ಮೆ ಎಂಜಿನ್ ಓಡತೊಡಗಿದ ಮೇಲೆ ಕೀ ದೂರ ಹೋದರೂ ಎಂಜಿನ್ ನಿಲ್ಲಬಾರದು ಎಂದೇ ತಯಾರಕರು ವ್ಯವಸ್ಥೆ ಮಾಡಿರುತ್ತಾರೆ. ನಡುರಸ್ತೆಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ, ಕೀ ಸಿಗಲಿಲ್ಲವೆಂದು ಗಾಡಿ ನಿಂತುಬಿಟ್ಟರೆ ಜೀವಕ್ಕೇ ಅಪಾಯ. ಹಾಗಾಗಿ ಹೆಚ್ಚೆಂದರೆ ಮೀಟರಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತದೆ, ಅಷ್ಟೆ. ಹಗಲು ಬಿಸಿಲಿನಲ್ಲಿ ಅದು ಕಣ್ಣಿಗೆ ಬೀಳುವುದೂ ಕಡಿಮೆ. ಗಾಡಿ ಕೈ ಬದಲಾಯಿಸುವಾಗ ಕೀಯೂ ಕೈ ಬದಲಾಯಿಸಬೇಕು. ಮನೆಯಲ್ಲಿ ಗಾಡಿ ಮುಟ್ಟುವ ಎಲ್ಲರೂ ಇದನ್ನು ಮೊದಲ ದಿನವೇ ರೂಢಿ ಮಾಡಿಕೊಳ್ಳಬೇಕು.

ಈ ತಂತ್ರಜ್ಞಾನ ಬಹಳ ಕಾಲ ದುಬಾರಿ ಬೈಕ್‌ಗಳಿಗೆ ಸೀಮಿತವಾಗಿತ್ತು. 2020ರಲ್ಲಿ ಬಂದ ಬಜಾಜ್ ಚೇತಕ್ ಎಲೆಕ್ಟ್ರಿಕ್ ಸ್ಕೂಟರ್ ಕೀಲಿ ತೂರಿಸುವ ಕೆಲಸವಿಲ್ಲದೆ ಬಂತು. 2023ರ ಜನವರಿಯಲ್ಲಿ ಹೋಂಡಾ ಆಕ್ಟಿವಾದ ಎಚ್-ಸ್ಮಾರ್ಟ್ ಮಾದರಿ ಬಂದ ಮೇಲೆ ಇದು ಮನೆಮನೆಯ ಮಾತಾಯಿತು. 2024ರಲ್ಲಿ ಯಮಹಾ ಏರಾಕ್ಸ್, 2025ರಲ್ಲಿ ಹೀರೋ ಝೂಮ್ 160 ಅದೇ ದಾರಿ ಹಿಡಿದವು. ಕೊಬ್ಬರಿ ಮಂಡಿಗೆ ಹೋಗುವವರು, ಶಾಲೆಗೆ ಹೋಗುವ ಮೇಡಂ, ಬೇಲೂರು ಕಡೆಯ ಕಾಫಿ ತೋಟದ ರೈಟರು, ಎಲ್ಲರ ಜೇಬಿನಲ್ಲೂ ಈಗ ಈ ಪುಟ್ಟ ಕಪ್ಪು ಡಬ್ಬಿ ಕಾಣುತ್ತದೆ. ಕೆಲವರು ಸ್ಮಾರ್ಟ್ ಕೀ ಎನ್ನುತ್ತಾರೆ, ಕೆಲವರು ರಿಮೋಟ್, ಕೆಲವರು ಫಾಬ್. ಅರಸೀಕೆರೆಯಿಂದ ಬಾಣಾವರ, ಜಾವಗಲ್ ಹಾದು ಹಳೇಬೀಡಿಗೆ, ಅಲ್ಲಿಂದ 16 ಕಿಲೋಮೀಟರ್ ಬೇಲೂರಿಗೆ ಹೋಗುವ ದಾರಿಯಲ್ಲಿ ಗಾಡಿ ನಿಂತರೆ ಏನು ಮಾಡಬೇಕು, ನಿಲ್ಲದಿರಲು ಮೊದಲೇ ಏನು ಮಾಡಿಟ್ಟಿರಬೇಕು ಎಂಬುದನ್ನು ತಿಳಿದಿದ್ದರೆ ಅರ್ಧ ದಿನ ಉಳಿಯುತ್ತದೆ. ಎಷ್ಟೋ ಸಲ ಹೊಸ ಕೀ ಕೊಳ್ಳುವ ದುಡ್ಡೂ ಉಳಿಯುತ್ತದೆ.

ಗಾಡಿಗೂ ಕೀಗೂ ನಡುವೆ ನಡೆಯುವುದೇನು

ನೀವು ಕೀಲಿಯ ಜಾಗದಲ್ಲಿರುವ ನಾಬ್ ಅಥವಾ ಸ್ವಿಚ್ ಒತ್ತಿದ ಕೂಡಲೇ ಗಾಡಿಯೊಳಗಿನ ಆಂಟೆನಾ ಕಡಿಮೆ ಆವರ್ತನದ ಒಂದು ಕರೆ ಕಳಿಸುತ್ತದೆ. ಸಾಮಾನ್ಯವಾಗಿ ಇದು 125 ಕಿಲೋಹರ್ಟ್ಸ್ ಆಸುಪಾಸಿನದು. ಈ ಕರೆಯ ಬಲ ದೂರ ಹೆಚ್ಚಿದಂತೆ ಬಹುಬೇಗ ಕುಗ್ಗುತ್ತದೆ, ಅದಕ್ಕೇ ಒಂದೆರಡು ಮೀಟರ್ ಆಚೆ ಕೆಲಸ ಮಾಡುವುದಿಲ್ಲ. ಕರೆ ಕೇಳಿಸಿದಾಗ ಜೇಬಿನಲ್ಲಿ ಮಲಗಿದ್ದ ಕೀ ಎಚ್ಚರಗೊಂಡು, ತನ್ನ ಗುರುತಿನ ಸಂಕೇತವನ್ನು ಹೆಚ್ಚಿನ ಆವರ್ತನದಲ್ಲಿ, ಅಂದರೆ ಹಲವು ಗಾಡಿಗಳಲ್ಲಿ 433 ಮೆಗಾಹರ್ಟ್ಸ್ ಸುಮಾರಿನಲ್ಲಿ, ವಾಪಸ್ ಕಳಿಸುತ್ತದೆ. ಗಾಡಿಯ ಕಂಪ್ಯೂಟರ್ ಅದನ್ನು ತನ್ನ ನೆನಪಿನಲ್ಲಿರುವ ಗುರುತಿನೊಂದಿಗೆ ಹೋಲಿಸಿ ನೋಡಿ, ಸರಿಹೊಂದಿದರೆ ಮಾತ್ರ ನಾಬ್ ತಿರುಗಲು ಬಿಡುತ್ತದೆ, ಎಂಜಿನ್‌ಗೆ ಅನುಮತಿ ಕೊಡುತ್ತದೆ.

ಈ ಮಾತುಕತೆಗೆ ಎರಡು ಶಕ್ತಿಮೂಲ ಬೇಕು. ಕೇಳುವ ಗಾಡಿಗೆ 12 ವೋಲ್ಟ್ ಬ್ಯಾಟರಿ, ಉತ್ತರಿಸುವ ಕೀಗೆ 3 ವೋಲ್ಟ್ ಸೆಲ್. ಎರಡರಲ್ಲಿ ಯಾವುದು ಸೊರಗಿದರೂ ಮೇಲ್ನೋಟಕ್ಕೆ ನಮಗೆ ಕಾಣುವುದು ಒಂದೇ: ಗಾಡಿ ಸುಮ್ಮನಿದೆ. ನಾವು ಕೂಡಲೇ ಕೈಯಲ್ಲಿರುವ ಕೀಯನ್ನು ಅನುಮಾನಿಸುತ್ತೇವೆ. ಹೀಗೆ ಅನುಮಾನಿಸಿ ಸಾವಿರಾರು ರೂಪಾಯಿಯ ಹೊಸ ಕೀಗೆ ಆರ್ಡರ್ ಕೊಟ್ಟು, ಆಮೇಲೆ ಗಾಡಿಯ ಬ್ಯಾಟರಿ ಬದಲಾಯಿಸಿದಾಗ ಹಳೇ ಕೀಯೇ ಚೆನ್ನಾಗಿ ಕೆಲಸ ಮಾಡುವುದನ್ನು ನೋಡುವುದು ಬೇಸರದ ಸಂಗತಿ. ಯಾರ ತಪ್ಪು ಎಂದು ಪತ್ತೆ ಮಾಡಲು ಸುಲಭದ ದಾರಿ ಇದೆ. ಮನೆಯಲ್ಲಿರುವ ಎರಡನೇ ಕೀ ತಂದು ನೋಡಿ. ಅದರಲ್ಲಿ ಚಾಲೂ ಆದರೆ ದೋಷ ಮೊದಲ ಕೀಯಲ್ಲಿ. ಎರಡರಲ್ಲೂ ಆಗದಿದ್ದರೆ ಎರಡು ಕೀ ಒಂದೇ ದಿನ ಸಾಯುವುದು ಅಪರೂಪ, ಗಾಡಿಯ ಕಡೆ ತಿರುಗಿ.

ನಿಂತ ಜಾಗದಲ್ಲೇ ನೋಡಬೇಕಾದ್ದು

ಎರಡನೇ ಕೀ ಮನೆಯಲ್ಲಿದೆ, ನೀವು ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಮುಂದೆ ನಿಂತಿದ್ದೀರಿ. ಆಗ ಮೊದಲು ಕೀಯನ್ನು ಜೇಬಿನಿಂದ ಹೊರಗೆ ತೆಗೆಯಿರಿ. ಮೊಬೈಲ್, ಪವರ್ ಬ್ಯಾಂಕ್, ಚಿಲ್ಲರೆ, ಸ್ಟೀಲ್ ಡಬ್ಬಿ ಇವುಗಳ ಜೊತೆ ಇದ್ದ ಕೀಗೆ ಕರೆ ಸರಿಯಾಗಿ ಕೇಳಿಸದಿರಬಹುದು. ಲೋಹ ಅಲೆಯನ್ನು ತಡೆಯುತ್ತದೆ, ಮೊಬೈಲು ಅಡ್ಡಿಪಡಿಸುತ್ತದೆ. ಕೀಯನ್ನು ಒಂದು ಕೈಯಲ್ಲಿ ಹಿಡಿದು, ಹ್ಯಾಂಡಲ್‌ನ ಕೆಳಭಾಗದ ಹತ್ತಿರ ಒಮ್ಮೆ, ಸೀಟಿನ ಹತ್ತಿರ ಒಮ್ಮೆ ಇಟ್ಟು ನೋಡಿ. ಆಂಟೆನಾ ಎಲ್ಲಿದೆಯೋ ಅದರ ಸಮೀಪ ದುರ್ಬಲ ಕೀಯೂ ಒಮ್ಮೊಮ್ಮೆ ಕೆಲಸ ಮಾಡುತ್ತದೆ. ಹಾಗೆ ಹತ್ತಿರ ಹಿಡಿದಾಗ ಮಾತ್ರ ಚಾಲೂ ಆಯಿತೆಂದರೆ ಸೆಲ್ ಮುಗಿಯುತ್ತ ಬಂದಿದೆ ಎಂದೇ ತಿಳಿಯಿರಿ, ಅಂದೇ ಹೊಸದು ಹಾಕಿಸಿ.

ಹತ್ತಿರದಲ್ಲಿ ಮೊಬೈಲ್ ಟವರ್, ವಿದ್ಯುತ್ ಉಪಕೇಂದ್ರ ಇದ್ದರೆ ಗಾಡಿಯನ್ನು ಇಪ್ಪತ್ತು ಮೂವತ್ತು ಹೆಜ್ಜೆ ತಳ್ಳಿಕೊಂಡು ಹೋಗಿ ಮತ್ತೆ ಪ್ರಯತ್ನಿಸಿ. ಹ್ಯಾಂಡಲ್ ಲಾಕ್ ಬಿದ್ದಿದ್ದರೆ ತಳ್ಳಲಾಗದು, ಸೆಂಟರ್ ಸ್ಟ್ಯಾಂಡಿನಲ್ಲೇ ಗಾಡಿಯ ದಿಕ್ಕು ಬದಲಾಯಿಸಿ ನೋಡಬಹುದು.

ಕೀಯ ಮೇಲಿನ ದೀಪವನ್ನು ಗಮನಿಸಿ. ಹೋಂಡಾದ ಸ್ಮಾರ್ಟ್ ಕೀಗಳಲ್ಲಿ ಬಟನ್ ಒತ್ತಿ ಹಿಡಿದರೆ ಕೀಯೇ ಆಫ್ ಆಗುವ ಸೌಲಭ್ಯವಿದೆ. ಹಸಿರು ಮಿನುಗಿದರೆ ಕೀ ಎಚ್ಚರವಾಗಿದೆ, ಕೆಂಪಾದರೆ ಆಫ್ ಆಗಿದೆ. ಬಿಗಿ ಜೀನ್ಸ್ ಜೇಬಿನಲ್ಲಿ, ತುಂಬಿದ ಚೀಲದಲ್ಲಿ ಬಟನ್ ತಾನಾಗಿ ಒತ್ತಿಹೋಗಿ ಕೀ ಆಫ್ ಆಗಿರುವುದು ಸಾಮಾನ್ಯ. ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಒತ್ತಿ ಹಿಡಿಯಿರಿ, ಹಸಿರು ಬಂತೆಂದರೆ ಅಲ್ಲಿಗೆ ಸಮಸ್ಯೆ ಮುಗಿಯಿತು. ದೀಪವೇ ಬರದಿದ್ದರೆ ಸೆಲ್ ಸತ್ತಿದೆ.

ಕೀ ಸರಿಯಿದೆ, ಗಾಡಿಯ ದೀಪವೂ ಬರುತ್ತಿದೆ, ಆದರೆ ನಾಬ್ ತಿರುಗುತ್ತಿಲ್ಲ ಎಂದಾದರೆ ಹ್ಯಾಂಡಲ್ ಲಾಕ್ ಬಿಗಿದುಕೊಂಡಿರಬಹುದು. ಇಳಿಜಾರಿನಲ್ಲಿ, ಪಕ್ಕದ ಗಾಡಿಗೆ ತಾಗಿಸಿ ನಿಲ್ಲಿಸಿದಾಗ ಲಾಕಿನ ಕಡ್ಡಿಯ ಮೇಲೆ ಹ್ಯಾಂಡಲ್ ಭಾರ ಬಿದ್ದು ಅದು ಹಿಂದೆ ಸರಿಯುವುದಿಲ್ಲ. ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸುತ್ತ ನಾಬ್ ತಿರುಗಿಸಿ. ಬಲವಂತ ಬೇಡ, ನಾಬ್ ಮುರಿದರೆ ಖರ್ಚು ದೊಡ್ಡದು. ನಾಬ್ ಒತ್ತಿದ ಮೇಲೆ ಕೆಲವೇ ಸೆಕೆಂಡಿನೊಳಗೆ ತಿರುಗಿಸಬೇಕು ಎಂಬುದನ್ನೂ ಮರೆಯಬಾರದು. ಒತ್ತಿ, ಯಾರೊಂದಿಗೋ ಮಾತಾಡಿ, ಆಮೇಲೆ ತಿರುಗಿಸಿದರೆ ಅದು ಮತ್ತೆ ಬಿಗಿದಿರುತ್ತದೆ.

ನಾಬ್ ತಿರುಗಿತು, ಮೀಟರ್ ಹೊತ್ತಿತು, ಸ್ಟಾರ್ಟ್ ಮಾತ್ರ ಆಗುತ್ತಿಲ್ಲವೇ? ಆಗ ಕೀ ತನ್ನ ಕೆಲಸ ಮಾಡಿದೆ. ಸೈಡ್ ಸ್ಟ್ಯಾಂಡ್ ಎತ್ತಿದ್ದೀರಾ, ಬ್ರೇಕ್ ಹಿಡಿದಿದ್ದೀರಾ, ಎಂಜಿನ್ ಸ್ವಿಚ್ ಆಫ್ ಕಡೆ ಇದೆಯೇ ಎಂದು ನೋಡಿ.

ಆ ಪುಟ್ಟ ಸೆಲ್

ಬಹಳಷ್ಟು ಕೀಗಳಲ್ಲಿರುವುದು ಸಿಆರ್ 2032 ಎಂಬ ನಾಣ್ಯದಾಕಾರದ ಲಿಥಿಯಂ ಸೆಲ್. ಆ ಅಂಕಿಯಲ್ಲೇ ಅದರ ಅಳತೆ ಇದೆ: ಅಡ್ಡಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಅಂಗಡಿಯಲ್ಲಿ 2032 ಇಲ್ಲವೆಂದು 2025 ಕೊಟ್ಟರೆ ಬೇಡ ಎನ್ನಿ. ಅದರ ಅಡ್ಡಗಲ ಅಷ್ಟೇ ಇದ್ದರೂ ದಪ್ಪ 2.5 ಮಿಲಿಮೀಟರ್, ಒಳಗೆ ಸಡಿಲವಾಗಿ ಕೂತು ಹಳ್ಳಕೊಳ್ಳದ ರಸ್ತೆಯಲ್ಲಿ ಸಂಪರ್ಕ ಕಡಿಯುತ್ತದೆ. ಕೆಲವು ಕೀಗಳಿಗೆ ಬೇರೆ ಅಳತೆಯ ಸೆಲ್ ಬರುವುದೂ ಉಂಟು, ಆದ್ದರಿಂದ ಹಳೆಯದರ ಮೇಲಿನ ಅಂಕಿ ಓದಿಯೇ ಕೊಳ್ಳಿ.

ಅರಸೀಕೆರೆ, ಬೇಲೂರಿನ ಪೇಟೆಯಲ್ಲಿ ವಾಚ್ ರಿಪೇರಿ ಅಂಗಡಿ, ಮೊಬೈಲ್ ಅಂಗಡಿ, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಈ ಸೆಲ್ ಕೇಳಬಹುದು. ಸಣ್ಣ ಊರಿನಲ್ಲಿ ಸಿಗದಿದ್ದರೆ ಔಷಧಿ ಅಂಗಡಿಯಲ್ಲಿ ವಿಚಾರಿಸಿ, ಸಕ್ಕರೆ ಕಾಯಿಲೆಯವರು ಬಳಸುವ ಹಲವು ಗ್ಲುಕೋಮೀಟರುಗಳಿಗೂ ಇದೇ ಸೆಲ್. ಅದೂ ಇಲ್ಲವೆಂದರೆ ಕಂಪ್ಯೂಟರ್ ರಿಪೇರಿ ಮಾಡುವವರನ್ನು ಹುಡುಕಿ. ಡೆಸ್ಕ್‌ಟಾಪ್ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಸಮಯ ನೆನಪಿಡಲು ಇರುವ ಸೆಲ್ ಸಾಮಾನ್ಯವಾಗಿ ಸಿಆರ್ 2032. ಗುಜರಿಗೆ ಹೋಗಲಿರುವ ಬೋರ್ಡಿನಿಂದ ತೆಗೆದು ಕೊಟ್ಟರೂ ಅಂದಿನ ಮಟ್ಟಿಗೆ ಮನೆ ಸೇರಬಹುದು. ಮನೆಯಲ್ಲಿರುವ ಡಿಜಿಟಲ್ ತೂಕದ ಯಂತ್ರದ ಕೆಳಗೂ ಒಮ್ಮೆ ತೆರೆದು ನೋಡಿ.

ಬದಲಾಯಿಸುವಾಗ ಮುಚ್ಚಳದ ಅಂಚಿನ ಸೀಳಿಗೆ ನಾಣ್ಯ ಅಥವಾ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ ಮೆಲ್ಲಗೆ ತಿರುಚಿ. ಹಳೆಯ ಸೆಲ್ ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಪ್ಲಸ್ ಗುರುತು ಯಾವ ಕಡೆ ಇತ್ತೆಂಬುದು ಆಗ ಗೊಂದಲವಾಗುವುದಿಲ್ಲ. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿಯಿರಿ, ಎಣ್ಣೆ ಬೆವರಿನ ಬೆರಳು ಮೈಗೆ ತಾಗಿದರೆ ಒಣ ಬಟ್ಟೆಯಿಂದ ಒರೆಸಿ. ಕೆಲವದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಅಂಟಿಸಿರುತ್ತಾರೆ, ಅದನ್ನು ಕೀಳದೆ ಹಾಕಿದರೆ ಕೀ ಸತ್ತಂತೆಯೇ ಇರುತ್ತದೆ. ಒಳಗಿನ ಲೋಹದ ನಾಲಗೆಗಳು ಚಪ್ಪಟೆಯಾಗಿದ್ದರೆ ಕೂದಲೆಳೆಯಷ್ಟು ಮೇಲೆತ್ತಿ. ಅಂಚಿನ ರಬ್ಬರ್ ಉಂಗುರ ಇದ್ದ ಜಾಗದಲ್ಲೇ ಕೂತಿರಬೇಕು, ಮಳೆಯಿಂದ ಕೀಯನ್ನು ಕಾಯುವುದು ಅದೊಂದೇ. ಸೆಲ್ ತೆಗೆದರೆ ಕೀ ತನ್ನ ಗುರುತನ್ನು ಮರೆಯುತ್ತದೆ ಎಂದು ಹೆದರುವವರಿದ್ದಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಗುರುತಿನ ಸಂಕೇತ ವಿದ್ಯುತ್ ಇಲ್ಲದೆಯೂ ಉಳಿಯುವಂತೆ ಚಿಪ್‌ನಲ್ಲಿರುತ್ತದೆ.

ಮಕ್ಕಳು ನುಂಗಬಾರದೆಂದು ಈಚೆಗೆ ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಲೇಪನ ಬಳಿಯುತ್ತವೆ. ಒಳ್ಳೆಯ ಯೋಚನೆ. ಆದರೆ ಆ ಲೇಪನ ಸಂಪರ್ಕಬಿಂದುವಿನ ಮೇಲೆ ಬಂದರೆ ಕೆಲವು ಕೀಗಳಲ್ಲಿ ಹೊಸ ಸೆಲ್ಲೂ ಕೆಲಸ ಮಾಡುವುದಿಲ್ಲ. ಸೆಲ್ಲನ್ನು ಸ್ವಲ್ಪ ತಿರುಗಿಸಿ ಕೂರಿಸಿ ನೋಡಿ, ಆಗದಿದ್ದರೆ ಬೇರೆ ಕಂಪನಿಯದು ಹಾಕಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಸಿಆರ್ 2032 ಸೆಲ್ ಮಗುವಿನ ಗಂಟಲಿನಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. ಶಕ್ತಿ ಮುಗಿದು ಎಸೆದ ಸೆಲ್ಲಿಗೂ ಆ ಗುಣ ಇರುತ್ತದೆ. ಹಳೆಯದನ್ನು ಕಿಟಕಿ ಕಟ್ಟೆಯ ಮೇಲೆ ಇಡಬೇಡಿ, ಎರಡೂ ಬದಿಗೆ ಟೇಪ್ ಸುತ್ತಿ ಕೈಗೆಟುಕದಲ್ಲಿಡಿ. ಮಗು ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ನಾಳೆ ನೋಡೋಣ ಎನ್ನದೆ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಬೇಕಾಗಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬೇಕಾದೀತು ಎಂಬ ಎಣಿಕೆಯಿಂದಲೇ ಹೊರಡಿ.

ಸೆಲ್ ಸಾಮಾನ್ಯವಾಗಿ ಒಂದೆರಡು ವರ್ಷ ಬರಬೇಕು. ಕೆಲವರಿಗೆ ಐದಾರು ತಿಂಗಳಿಗೇ ಮುಗಿಯುತ್ತದೆ. ಇದಕ್ಕೆ ನಮ್ಮ ಮನೆಗಳ ಕಟ್ಟಡದಲ್ಲೇ ಕಾರಣ ಸಿಗುತ್ತದೆ. ರಾತ್ರಿ ಗಾಡಿಯನ್ನು ಜಗಲಿಗೋ ನಡುಮನೆಗೋ ಹತ್ತಿಸಿ, ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ತಗುಲಿಹಾಕುತ್ತೇವೆ. ಗಾಡಿಗೂ ಮೊಳೆಗೂ ನಡುವೆ ಒಂದು ಮಾರು ದೂರವೂ ಇರುವುದಿಲ್ಲ. ಹೀಗೆ ಹತ್ತಿರವೇ ಇದ್ದಾಗ ಕೀ ಮೇಲಿಂದ ಮೇಲೆ ಎಚ್ಚರಗೊಂಡು ಉತ್ತರಿಸುತ್ತಲೇ ಇರಬಹುದು, ಸೆಲ್ ವ್ಯರ್ಥವಾಗಿ ಸವೆಯುತ್ತದೆ. ಟಿವಿ, ಕಂಪ್ಯೂಟರ್ ಪಕ್ಕದಲ್ಲಿಟ್ಟರೂ ಹೀಗೇ. ಕೀಯನ್ನು ಗಾಡಿಯಿಂದ ನಾಲ್ಕೈದು ಮೀಟರ್ ಆಚೆ ಇಡಿ, ಆಫ್ ಮಾಡುವ ಸೌಲಭ್ಯ ಇದ್ದರೆ ರಾತ್ರಿ ಆಫ್ ಮಾಡಿ. ಕೀಯ ಅಲೆಯನ್ನು ಯಂತ್ರದ ಮೂಲಕ ದೂರಕ್ಕೆ ದಾಟಿಸಿ ಗಾಡಿ ಕದಿಯುವ ತಂತ್ರ ಕಾರುಗಳ ವಿಷಯದಲ್ಲಿ ಜಗತ್ತಿನ ಹಲವೆಡೆ ನಡೆದಿದೆ. ಆಫ್ ಮಾಡಿದ ಕೀ ಅದಕ್ಕೂ ಉತ್ತರ ಕೊಡುವುದಿಲ್ಲ.

ನಿಲ್ದಾಣದಲ್ಲಿ ಬಿಟ್ಟುಹೋದ ಗಾಡಿ

ಅರಸೀಕೆರೆ ದೊಡ್ಡ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನದ ಕಡೆಯ ಹಳಿ ಬಂದು ಕೂಡುವುದು ಇಲ್ಲೇ. ಸುತ್ತಿನ ಹಳ್ಳಿಗಳವರು ಗಾಡಿಯನ್ನು ನಿಲ್ದಾಣದಲ್ಲಿ ಬಿಟ್ಟು ರೈಲು ಹತ್ತುತ್ತಾರೆ, ಒಂದು ವಾರ, ಎರಡು ವಾರ ಬಿಟ್ಟು ಬರುತ್ತಾರೆ. ಹಳೆಯ ಕಾಲದ ಗಾಡಿ ಕೀಲಿ ತೆಗೆದ ಮೇಲೆ ಬ್ಯಾಟರಿಯಿಂದ ಹೆಚ್ಚುಕಡಿಮೆ ಏನನ್ನೂ ಎಳೆಯುತ್ತಿರಲಿಲ್ಲ. ಸ್ಮಾರ್ಟ್ ಕೀ ಗಾಡಿಯ ಕಂಪ್ಯೂಟರ್ ನಿಂತಾಗಲೂ ಒಂದಿಷ್ಟು ವಿದ್ಯುತ್ ಕುಡಿಯುತ್ತಲೇ ಇರುತ್ತದೆ. ಹೊಸ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ಮೂರು ಬೇಸಿಗೆ ಕಂಡ ಬ್ಯಾಟರಿಗೆ ಲೆಕ್ಕಕ್ಕಿದೆ. ಅಲಾರಂ ಇರುವ ಬೈಕಾದರೆ, ಪಕ್ಕದವರು ಗಾಡಿ ಎಳೆದಾಗಲೆಲ್ಲ ಕೂಗಿ ಕೂಗಿ ಇನ್ನೂ ಬೇಗ ಬರಿದಾಗುತ್ತದೆ.

ಬ್ಯಾಟರಿ ಸೊರಗಿದ ಲಕ್ಷಣ ಬೇರೆಯೇ. ನಾಬ್ ಒತ್ತಿದಾಗ ಸುತ್ತಲಿನ ದೀಪ ಮಂಕಾಗಿ ಬಂದು ಹೋಗುತ್ತದೆ, ಅಥವಾ ಬರುವುದೇ ಇಲ್ಲ. ಕೀಯ ಬಟನ್ ಒತ್ತಿದರೆ ಕೀ ಮೇಲಿನ ದೀಪ ಚೆನ್ನಾಗಿ ಉರಿಯುತ್ತದೆ, ಗಾಡಿಯ ಇಂಡಿಕೇಟರ್ ಮಿನುಗುವುದಿಲ್ಲ. ಮಲ್ಟಿಮೀಟರ್ ಇರುವ ಎಲೆಕ್ಟ್ರಿಷಿಯನ್ ಹತ್ತಿರದಲ್ಲಿದ್ದರೆ ಎರಡು ನಿಮಿಷದ ಕೆಲಸ. ಗಾಡಿ ನಿಂತಿರುವಾಗ 12.6 ವೋಲ್ಟ್ ಮೇಲಿದ್ದರೆ ಬ್ಯಾಟರಿ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಬರಿದಾಗುತ್ತಿದೆ. ಎಂಜಿನ್ ಓಡುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೂ ಹದಿಮೂರೂವರೆಯಿಂದ ಹದಿನಾಲ್ಕೂವರೆ ವೋಲ್ಟಿನ ನಡುವೆ ಬರದಿದ್ದರೆ ಚಾರ್ಜಿಂಗ್‌ನಲ್ಲೇ ದೋಷ. ಹೊಸ ಬ್ಯಾಟರಿ ಹಾಕಿದರೂ ಅದು ಹದಿನೈದು ದಿನಕ್ಕೆ ಬರಿದಾಗುತ್ತದೆ.

ಕಿಕ್ ಹೊಡೆದು ಎಬ್ಬಿಸೋಣ ಎಂದುಕೊಳ್ಳುವವರು ಒಂದು ತಿಳಿಯಬೇಕು. ಗಾಡಿ ಕೀಯನ್ನು ಗುರುತಿಸಿ ಇಗ್ನಿಷನ್ ಆನ್ ಆಗದ ಹೊರತು ಎಷ್ಟು ಕಿಕ್ ಹೊಡೆದರೂ ಪ್ರಯೋಜನವಿಲ್ಲ. ಇಗ್ನಿಷನ್ ಆನ್ ಆಗುವಷ್ಟು ಬ್ಯಾಟರಿ ಇದ್ದು ಸೆಲ್ಫ್ ಎಳೆಯುವಷ್ಟು ಇಲ್ಲದಿದ್ದಾಗ ಕಿಕ್ ಖಂಡಿತ ನೆರವಾಗುತ್ತದೆ. ಗೇರಿಲ್ಲದ ಸ್ಕೂಟರನ್ನು ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ. ಇನ್ನೊಂದು ಬೈಕಿನ 12 ವೋಲ್ಟ್ ಬ್ಯಾಟರಿಯಿಂದ ತಂತಿ ಕೊಡುವುದಾದರೆ ಆ ಬೈಕಿನ ಎಂಜಿನ್ ಆಫ್ ಇರಲಿ. ಮೊದಲು ಪ್ಲಸ್‌ಗೆ ಪ್ಲಸ್ ಕೊಡಿ, ಆಮೇಲೆ ಆ ಬ್ಯಾಟರಿಯ ಮೈನಸನ್ನು ನಿಮ್ಮ ಗಾಡಿಯ ಬಣ್ಣವಿಲ್ಲದ ಲೋಹದ ಭಾಗಕ್ಕೆ ಕೊಡಿ. ಪ್ಲಸ್ ಮೈನಸ್ ಅದಲುಬದಲಾದರೆ ಫ್ಯೂಸ್ ಹೋಗುವುದು ಅದೃಷ್ಟ, ಕಂಪ್ಯೂಟರ್ ಹೋಗುವುದು ದುರದೃಷ್ಟ.

ಮೆಕಾನಿಕ್ ಬಂದು ವೈರ್ ಕತ್ತರಿಸಿ ಡೈರೆಕ್ಟ್ ಮಾಡಿಕೊಡುತ್ತೇನೆ ಎಂದರೆ ದಯವಿಟ್ಟು ಒಪ್ಪಬೇಡಿ. ಹಳೆಯ ಗಾಡಿಗಳಲ್ಲಿ ಆ ಕೈಚಳಕ ಎಷ್ಟೋ ಜನರನ್ನು ಮನೆ ಸೇರಿಸಿದೆ, ಅದರ ಬಗ್ಗೆ ಗೌರವವಿದೆ. ಇಲ್ಲಿ ಮಾತ್ರ ಎಂಜಿನ್‌ನ ಕಂಪ್ಯೂಟರೇ ಕೀಯ ಗುರುತು ಕೇಳುತ್ತದೆ, ವೈರ್ ಸೇರಿಸಿದ ಮಾತ್ರಕ್ಕೆ ಅದು ಒಪ್ಪುವುದಿಲ್ಲ. ಉಳಿಯುವುದು ಕತ್ತರಿಸಿದ ಹಾರ್ನೆಸ್ ಮತ್ತು ಕೈಬಿಟ್ಟ ವಾರಂಟಿ.

ವಾರಗಟ್ಟಲೆ ಊರಿಗೆ ಹೋಗುವವರು ವಾರಕ್ಕೊಮ್ಮೆಯಾದರೂ ಗಾಡಿಯನ್ನು ಅರ್ಧ ಗಂಟೆ ಓಡಿಸುವಂತೆ ಮನೆಯವರಿಗೆ ಹೇಳಿಹೋಗಲಿ. ರೈಲಿನ ಪಾರ್ಸೆಲ್‌ನಲ್ಲಿ ಅಲಾರಂ ಇರುವ ಬೈಕ್ ಕಳಿಸುವವರು ಕೈಪಿಡಿಯಲ್ಲಿ ಸಾಗಣೆ ಮೋಡ್ ಇದೆಯೇ ನೋಡಿ ಅದನ್ನು ಹಾಕಿ ಕಳಿಸಿ.

ತುರ್ತು ಕೀಲಿ ಎಲ್ಲಿದೆ, ನಂಬರ್ ಎಲ್ಲಿದೆ

ಗಾಡಿ ಮನೆಗೆ ತಂದ ದಿನ ಪೂಜೆ ಮುಗಿದ ಮೇಲೆ ಮಾಡಲೇಬೇಕಾದ ಕೆಲಸ ಇದು. ಸ್ಮಾರ್ಟ್ ಕೀ ಜೊತೆ ಹಲವು ಗಾಡಿಗಳಿಗೆ ಲೋಹದ ಒಂದು ತುರ್ತು ಕೀಲಿ ಕೊಡುತ್ತಾರೆ, ಕೆಲವದರಲ್ಲಿ ಅದು ಫಾಬ್ ಒಳಗೇ ಅಡಗಿರುತ್ತದೆ. ಜೊತೆಗೆ ಗುರುತಿನ ಸಂಖ್ಯೆ ಬರೆದ ಒಂದು ಪುಟ್ಟ ಬಿಲ್ಲೆಯೋ ಚೀಟಿಯೋ ಇರಬಹುದು. ಫಾಬ್ ಪೂರ್ತಿ ಸತ್ತರೆ ಸೀಟು ತೆರೆಯುವುದು ಆ ಕೀಲಿಯಿಂದ, ಎಂಜಿನ್ ಎಬ್ಬಿಸುವುದು ಆ ಸಂಖ್ಯೆಯಿಂದ. ಎರಡನ್ನೂ ಸೀಟಿನ ಕೆಳಗಿನ ಡಬ್ಬದಲ್ಲೇ ಇಟ್ಟು ಮುಚ್ಚಿಬಿಟ್ಟರೆ ಕೊಳದೊಳಗೆ ಬಿಂದಿಗೆ ಬಿಟ್ಟು ದಡದಲ್ಲಿ ಬಾಯಾರಿದಂತೆ.

ಕೀಲಿಯನ್ನು ಪರ್ಸಿನಲ್ಲಿ ಪ್ರತ್ಯೇಕವಾಗಿಡಿ. ಸಂಖ್ಯೆಯನ್ನು ಮನೆಯವರೊಬ್ಬರ ಬಳಿಯೂ ಬರೆದಿಡಿ, ಗಾಡಿಯ ಮೇಲೆ ಮಾತ್ರ ಬರೆಯಬೇಡಿ. ಸಂಖ್ಯೆ ಹಾಕುವ ಕ್ರಮ ಒಂದೊಂದು ಗಾಡಿಗೆ ಒಂದೊಂದು. ಹಾರ್ಲೆ-ಡೇವಿಡ್ಸನ್‌ನ ಭದ್ರತಾ ಫಾಬ್ ಇರುವ ಬೈಕ್‌ಗಳಲ್ಲಿ ಐದಂಕಿಯ ಪಿನ್ ಇದ್ದು, ಅದನ್ನು ಎಡ ಬಲ ಇಂಡಿಕೇಟರ್ ಸ್ವಿಚ್‌ಗಳನ್ನು ಒತ್ತಿ ಒತ್ತಿ ದಾಖಲಿಸಬೇಕು. ಬೇರೆ ಕೆಲವು ದುಬಾರಿ ಬೈಕ್‌ಗಳಲ್ಲಿ ಫಾಬ್‌ನೊಳಗೆ ಸೆಲ್ ಬೇಡದ ಇನ್ನೊಂದು ಚಿಪ್ ಇರುತ್ತದೆ, ಗುರುತು ಮಾಡಿದ ಜಾಗಕ್ಕೆ ಫಾಬ್ ತಾಗಿಸಿ ಹಿಡಿದರೆ ಎಂಜಿನ್ ಏಳುತ್ತದೆ. ಕೈಪಿಡಿಯ ಆ ಪುಟವನ್ನು ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಅಷ್ಟೇ ಸಾಲದು, ಒಂದು ಭಾನುವಾರ ಮನೆಯ ಅಂಗಳದಲ್ಲಿ ಫಾಬ್ ದೂರವಿಟ್ಟು ಒಮ್ಮೆ ಮಾಡಿಯೇ ನೋಡಿ. ಜಾವಗಲ್ ದಾಟಿದ ಮೇಲೆ ಸಂಜೆಗತ್ತಲಲ್ಲಿ ಮೊದಲ ಸಲ ಓದಿ ಕಲಿಯುವುದು ಕಷ್ಟ.

ಸೀರೆ ಉಟ್ಟವರಿಗೆ ಜೇಬಿಲ್ಲ. ಕೀ ವ್ಯಾನಿಟಿ ಬ್ಯಾಗಿನಲ್ಲಿರುತ್ತದೆ, ಬ್ಯಾಗು ಸೀಟಿನ ಕೆಳಗೆ ಹೋಗುತ್ತದೆ. ಆಗ ಎರಡು ಅಪಾಯ. ಕೀ ಆನ್ ಇದ್ದರೆ ಅದು ಹತ್ತಿರವೇ ಇದೆ ಎಂದು ಗಾಡಿ ತಿಳಿಯುತ್ತದೆ, ಆಗ ಯಾರು ಬೇಕಾದರೂ ನಾಬ್ ತಿರುಗಿಸಬಹುದು. ಕೀ ಆಫ್ ಆಗಿದ್ದರೆ ಅಥವಾ ಸೆಲ್ ಹೋಗಿದ್ದರೆ ಸೀಟೇ ತೆರೆಯುವುದಿಲ್ಲ. ಮುಂದಿನ ತೆರೆದ ಗೂಡಿನಲ್ಲಿ ಬಿಟ್ಟುಹೋಗುವುದಂತೂ ಗಾಡಿಯನ್ನು ಕೊಟ್ಟುಹೋದಂತೆ. ಕುತ್ತಿಗೆಗೆ ದಾರ ಹಾಕಿ ಕೀ ಧರಿಸುವುದು ಸರಳ ಉಪಾಯ. ಬೇಲೂರಿನಲ್ಲಿ ಚೆನ್ನಕೇಶವನ ರಥೋತ್ಸವದ ಜನಸಂದಣಿಗೂ ಇದೇ ಒಳ್ಳೆಯದು.

ಮೊಬೈಲ್ ಆ್ಯಪ್‌ನಿಂದ ತೆರೆಯುವ ಎಲೆಕ್ಟ್ರಿಕ್ ಸ್ಕೂಟರ್ ಇರುವವರ ಕಷ್ಟ ಬೇರೆ. ಮೊಬೈಲಿನ ಚಾರ್ಜ್ ಮುಗಿದರೆ ಅಥವಾ ಸಿಗ್ನಲ್ ಹೋದರೆ ಎಂದು ಮೊದಲೇ ಯೋಚಿಸಿ, ಪರದೆಯ ಮೇಲೆ ಒತ್ತುವ ಪಾಸ್‌ಕೋಡ್ ಇಟ್ಟುಕೊಂಡು ಬಾಯಿಪಾಠ ಮಾಡಿಕೊಳ್ಳಿ.

ಬೇಲೂರಿನ ಮಳೆ, ಅರಸೀಕೆರೆಯ ಬಿಸಿಲು

ಅರಸೀಕೆರೆ ಬಯಲುಸೀಮೆ, ಬೇಲೂರು ಮಲೆನಾಡಿನ ಹೊಸ್ತಿಲು. ಅರಸೀಕೆರೆಯಲ್ಲಿ ಒಣಗಿದ ಮೋಡ ನೋಡಿ ಹೊರಟವರು ಬೇಲೂರು ಮುಟ್ಟುವಾಗ ನೆನೆದು ತೊಪ್ಪೆಯಾಗುವುದು ಜೂನ್, ಜುಲೈನಲ್ಲಿ ಮಾಮೂಲು. ಕೀ ಹನಿ ತಡೆಯುತ್ತದೆ, ನೀರಿನಲ್ಲಿ ಮುಳುಗುವುದನ್ನು ತಡೆಯುವುದಿಲ್ಲ. ಮಳೆಗಾಲದಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಲಕೋಟೆಯೊಳಗೆ ಹಾಕಿಟ್ಟುಕೊಳ್ಳಿ, ಪ್ಲಾಸ್ಟಿಕ್ ಅಲೆಗೆ ಅಡ್ಡಿಯಲ್ಲ.

ನೀರು ಹೊಕ್ಕಿತೆಂದರೆ ಕೆಲಸ ಮಾಡುತ್ತಿದೆಯೋ ಎಂದು ಬಟನ್ ಒತ್ತಿ ನೋಡುವ ಆಸೆಯನ್ನು ತಡೆದುಕೊಳ್ಳಿ. ಮೊದಲು ಸೆಲ್ ತೆಗೆಯಿರಿ. ಸೆಲ್ ಇದ್ದಂತೆ ನೀರಿನಲ್ಲಿ ವಿದ್ಯುತ್ ಹರಿದರೆ ತಾಮ್ರದ ಗೆರೆಗಳು ಗಂಟೆಗಳಲ್ಲೇ ಕಿಲುಬು ಹಿಡಿಯುತ್ತವೆ, ಸೆಲ್ ಇಲ್ಲದ ಬೋರ್ಡು ಒದ್ದೆಯಾದರೂ ಬದುಕುವ ಸಾಧ್ಯತೆ ಹೆಚ್ಚು. ಬಟ್ಟೆಯಿಂದ ಒತ್ತಿ ನೀರು ಹೀರಿಸಿ, ಮುಚ್ಚಳ ತೆರೆದು ಫ್ಯಾನ್ ಕೆಳಗೆ ಒಂದು ಹಗಲು ರಾತ್ರಿ ಬಿಡಿ. ಅಕ್ಕಿ ಡಬ್ಬದಲ್ಲಿ ಹೂಳುವುದರಿಂದ ಹಿಟ್ಟಿನ ಪುಡಿ ಒಳಸೇರುತ್ತದೆ, ಫ್ಯಾನಿನಷ್ಟು ಲಾಭವಿಲ್ಲ. ಒಲೆಯ ಪಕ್ಕ, ಸುಡುಬಿಸಿಲು ಬೇಡ. ಸಂಪರ್ಕದ ಜಾಗದಲ್ಲಿ ಹಸಿರುಗಟ್ಟಿದ್ದರೆ ಮೊಬೈಲ್ ರಿಪೇರಿಯವರ ಬಳಿ ಇರುವ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತನೆ ಬ್ರಷ್ ಅದ್ದಿ ಒರೆಸಿಸಿ.

ಬೇಸಿಗೆಯಲ್ಲಿ ಕೀಯನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಬಿಸಿಲಿಗೆ ಕಾದ ಗಾಡಿಯ ಡಬ್ಬದೊಳಗೆ ಬಿಡಬೇಡಿ. ಇಂಥ ಸೆಲ್ಲುಗಳಿಗೆ ತಯಾರಕರು ಹೇಳುವ ಮಿತಿ ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್ ಸುಮಾರು.

ಕಳೆದೇ ಹೋದರೆ

ಕೀಯ ಬಟನ್ ಒತ್ತಿ ಸಾಲುಗಾಡಿಗಳ ನಡುವೆ ನಿಮ್ಮ ಗಾಡಿಯನ್ನು ಹುಡುಕಬಹುದು, ಇಂಡಿಕೇಟರ್ ಮಿನುಗುತ್ತದೆ. ಗಾಡಿಯಿಂದ ಕೀಯನ್ನು ಹುಡುಕಲು ಆಗುವುದಿಲ್ಲ. ಆದರೆ ಕೀ ಎಲ್ಲಿ ಇಲ್ಲ ಎಂಬುದನ್ನು ಗಾಡಿ ಹೇಳಬಲ್ಲದು: ನಾಬ್ ತಿರುಗಿದರೆ ಕೀ ಎರಡು ಮೀಟರ್ ಒಳಗೇ ಎಲ್ಲೋ ಬಿದ್ದಿದೆ, ತಿರುಗದಿದ್ದರೆ ಅಲ್ಲಿ ಹುಡುಕಿ ಕಾಲ ಕಳೆಯಬೇಡಿ, ಹಿಂದೆ ನಡೆದ ದಾರಿಯನ್ನು ಹಿಡಿಯಿರಿ. ದೇಗುಲದ ಹೊರಗೆ ಚಪ್ಪಲಿ ಬಿಟ್ಟ ಜಾಗ, ನೀರು ಕುಡಿದ ಜಾಗ, ಮೊಬೈಲ್ ತೆಗೆದು ಫೋಟೋ ಹಿಡಿದ ಜಾಗ ಮೊದಲು ನೋಡಿ. ಮೊಬೈಲ್ ಜೇಬಿನಿಂದ ಎಳೆಯುವಾಗಲೇ ಕೀ ಜಾರುವುದು ಹೆಚ್ಚು.

ಸಿಗಲಿಲ್ಲವೆಂದರೆ ಪೊಲೀಸರಿಗೆ ಕಳೆದುಹೋದ ಬಗ್ಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ಇದು ಔಪಚಾರಿಕ ಕಾಗದವೆಂದು ಬಿಟ್ಟುಬಿಡುವವರು ಮುಂದೆ ಪರದಾಡುತ್ತಾರೆ. ನಾಳೆ ಗಾಡಿ ಕಳವಾದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಗಾಡಿಯ ಜೊತೆ ಕೊಟ್ಟ ಎಲ್ಲ ಕೀಗಳನ್ನೂ ಕೇಳುತ್ತವೆ, ಒಂದು ಯಾವಾಗ ಹೇಗೆ ಕಳೆಯಿತು ಎಂಬುದಕ್ಕೆ ಆಗ ಈ ಕಾಗದವೇ ಸಾಕ್ಷಿ. ವಿಮೆಯಲ್ಲಿ ಕೀ ಬದಲಾವಣೆಯ ಹೆಚ್ಚುವರಿ ರಕ್ಷಣೆ ಇದ್ದರೆ ಹೊಸ ಕೀಯ ಖರ್ಚೂ ಬರಬಹುದು, ಪಾಲಿಸಿ ತೆಗೆದು ಓದಿ.

ಹೊಸ ಕೀಯನ್ನು ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿ ಮನೆಯಲ್ಲಿ ಜೋಡಿಸಲು ಆಗದು. ಅದರ ಗುರುತನ್ನು ಗಾಡಿಯ ಕಂಪ್ಯೂಟರಿಗೆ ಕಲಿಸಬೇಕು, ಆ ಉಪಕರಣ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಇರುತ್ತದೆ. ಹೊರಡುವ ಮೊದಲು ಫೋನ್ ಮಾಡಿ, ಕೀ ಬಂದಿದೆಯೇ, ನೋಂದಣಿ ಅಲ್ಲೇ ಮಾಡುತ್ತಾರೆಯೇ, ಹಾಸನಕ್ಕೆ ಹೋಗಬೇಕೇ ಎಂದು ಕೇಳಿಕೊಳ್ಳಿ. ಆರ್‌ಸಿ, ಆಧಾರ್, ಪೊಲೀಸ್ ಸ್ವೀಕೃತಿ, ಗುರುತಿನ ಸಂಖ್ಯೆಯ ಚೀಟಿ ಜೊತೆಗಿರಲಿ. ಮನೆಯಲ್ಲಿ ಉಳಿದಿರುವ ಇನ್ನೊಂದು ಕೀಯನ್ನು ಒಯ್ಯಲು ಮರೆಯಬೇಡಿ. ಹಲವು ಗಾಡಿಗಳಲ್ಲಿ ಹೊಸ ಕೀ ನೋಂದಾಯಿಸುವಾಗ ಹಳೆಯ ಪಟ್ಟಿ ಅಳಿಸಿ, ಆ ಹೊತ್ತಿಗೆ ಎದುರಿಗಿರುವ ಕೀಗಳನ್ನಷ್ಟೇ ಮತ್ತೆ ದಾಖಲಿಸುತ್ತಾರೆ. ಕಳೆದುಹೋದ ಕೀ ಯಾರ ಕೈ ಸೇರಿದ್ದರೂ ಆ ಕ್ಷಣದಿಂದ ಅದು ನಿಮ್ಮ ಗಾಡಿಯನ್ನು ತೆರೆಯಲಾರದು. ಮನೆಯ ಮೊಳೆಯಲ್ಲಿ ತೂಗುತ್ತಿರುವ ಎರಡನೆಯದೂ ಅಷ್ಟೇ, ಅದನ್ನು ಒಯ್ದಿರದಿದ್ದರೆ ಇನ್ನೊಮ್ಮೆ ನೋಂದಣಿ ಮಾಡಿಸಬೇಕಾಗುತ್ತದೆ.